ಕೈಗೆ ಬ್ಯಾಂಡ್ ಕಟ್ಟಬೇಕಾ, ವಾಚ್ ಕಟ್ಟಬೇಕಾ, ಇಲ್ಲ ಜೇಬಿನ ಫೋನೇ ಸಾಕಾ?

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ನಂದಿಯ ಹತ್ತಿರ ಏದುಸಿರು ಬಿಡುತ್ತಾ ನಿಂತಿದ್ದೆವು. ನನ್ನ ಕೈಯ ಫಿಟ್‌ನೆಸ್ ಬ್ಯಾಂಡ್ ಎದೆಬಡಿತ 96 ಅಂತ ತೋರಿಸುತ್ತಿತ್ತು. ಜೊತೆಗೇ ಹತ್ತಿದ ಭಾವನ ವಾಚ್‌ನಲ್ಲಿ 151 ಇತ್ತು. ಅವರು ವಾರಕ್ಕೆ ಮೂರು ದಿನ ಓಡುವವರು, ನಾನು ಬರೀ ವಾಕಿಂಗ್ ಮಾಡುವವನು. ನನ್ನ ಎದೆ ಅವರಿಗಿಂತ ನಿಧಾನಕ್ಕೆ ಬಡಿಯುವ ಮಾತೇ ಇಲ್ಲ. ಕುತ್ತಿಗೆ ಪಕ್ಕ ಎರಡು ಬೆರಳಿಟ್ಟು 15 ಸೆಕೆಂಡ್ ಎಣಿಸಿದೆ. 39 ಬಂತು. ನಾಲ್ಕರಿಂದ ಗುಣಿಸಿದರೆ 156. ನೋಡಿದರೆ ಬ್ಯಾಂಡ್ ಬೆವರಿಗೆ ಜಾರಿ ಮಣಿಕಟ್ಟಿನ ಮೂಳೆಯ ಮೇಲೆ ಕೂತಿತ್ತು. ಎರಡು ಬೆರಳಷ್ಟು ಮೇಲಕ್ಕೆ ಸರಿಸಿ ಬಿಗಿ ಮಾಡಿದೆ. ಅರ್ಧ ನಿಮಿಷದಲ್ಲಿ ಅದೂ 140 ದಾಟಿತು.

ಆಮೇಲಿಂದ ನಮ್ಮ ಮನೆಯಲ್ಲಿ, ನೆಂಟರಲ್ಲಿ ಯಾರು ಇಂಥದ್ದು ಕೊಳ್ಳಲು ಹೊರಟರೂ ನನ್ನನ್ನು ಕೇಳುತ್ತಾರೆ. ಅಪ್ಪನಿಗೆ ಯಾವುದು, ಕಾಲೇಜಿಗೆ ಹೋಗುವ ಮಗಳಿಗೆ ಯಾವುದು, ಓಡುವ ಭಾವನಿಗೆ ಯಾವುದು ಅಂತ. ಒಂದೇ ಉತ್ತರ ಎಲ್ಲರಿಗೂ ಹೊಂದುವುದಿಲ್ಲ. ನಿಮಗೆ ಯಾವ ಪ್ರಶ್ನೆಗೆ ಉತ್ತರ ಬೇಕು ಅನ್ನುವುದು ಗೊತ್ತಾದರೆ ಯಾವುದನ್ನು ಕೊಳ್ಳಬೇಕು ಅನ್ನುವುದು ಅರ್ಧ ತೀರ್ಮಾನ ಆದಂತೆಯೇ.

ಅಳೆಯುವುದು ಸ್ವಲ್ಪ, ಲೆಕ್ಕ ಹಾಕುವುದು ಜಾಸ್ತಿ

ಡಬ್ಬದ ಮೇಲೆ ಇಪ್ಪತ್ತು ಮೂವತ್ತು ಸೌಲಭ್ಯ ಬರೆದಿರುತ್ತಾರೆ. ಆದರೆ ಸಾಮಾನ್ಯ ಬ್ಯಾಂಡ್ ನಿಜವಾಗಿ ಅಳೆಯುವುದು ಎರಡನ್ನು ಮಾತ್ರ. ಒಂದು, ಕೈಯ ಚಲನೆ. ಇನ್ನೊಂದು, ಚರ್ಮದ ಕೆಳಗೆ ಹರಿಯುವ ರಕ್ತದಿಂದ ತಿರುಗಿ ಬರುವ ಬೆಳಕು. ಹೆಜ್ಜೆ, ಕ್ಯಾಲರಿ, ನಿದ್ದೆ, ಒತ್ತಡ, 'ದೇಹದ ಶಕ್ತಿ' ಎಲ್ಲವೂ ಈ ಎರಡರ ಮೇಲೆ ಕಟ್ಟಿದ ಲೆಕ್ಕ.

ಬ್ಯಾಂಡ್ ಬಿಚ್ಚಿ ಹಿಂಭಾಗ ನೋಡಿದರೆ ಹಸಿರು ದೀಪ ಮಿನುಗುತ್ತಿರುತ್ತದೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಪ್ರತಿ ಬಡಿತಕ್ಕೂ ಮಣಿಕಟ್ಟಿನ ಸಣ್ಣ ನಾಳಗಳಿಗೆ ರಕ್ತ ನುಗ್ಗುತ್ತದೆ, ಆಗ ತಿರುಗಿ ಬರುವ ಬೆಳಕು ಸ್ವಲ್ಪ ಕಡಿಮೆಯಾಗುತ್ತದೆ. ಈ ಏರಿಳಿತವನ್ನು ಎಣಿಸಿದರೆ ಎದೆಬಡಿತ ಸಿಗುತ್ತದೆ. ಕೂತಾಗ, ಮಲಗಿದಾಗ ಈ ವಿಧಾನ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕೈ ಜೋರಾಗಿ ಆಡಿದರೆ, ಪಟ್ಟಿ ಸಡಿಲವಿದ್ದರೆ, ಚಳಿಗೆ ಕೈ ತಣ್ಣಗಾಗಿದ್ದರೆ, ದೀಪ ಬೀಳುವ ಜಾಗದಲ್ಲಿ ಹಚ್ಚೆ ಇದ್ದರೆ ದಾರಿ ತಪ್ಪುತ್ತದೆ. ನಮ್ಮಂಥ ಕಂದು, ಕಪ್ಪು ಚರ್ಮದವರಿಗೆ ಸರಿಯಾಗಿ ತೋರಿಸುತ್ತಾ ಅಂತ ತುಂಬಾ ಜನ ಕೇಳುತ್ತಾರೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನೇ ಪರೀಕ್ಷಿಸಿದರು. ಎದೆಬಡಿತದ ಮಟ್ಟಿಗೆ ಚರ್ಮದ ಬಣ್ಣದಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ಕೈಕಾಲು ಆಡುತ್ತಿರುವಾಗ ಮಾತ್ರ, ಸುಮ್ಮನೆ ಕೂತಾಗಿನದಕ್ಕಿಂತ ತಪ್ಪು ಸರಾಸರಿ 30% ಹೆಚ್ಚಿತ್ತು.

ರಕ್ತದ ಆಮ್ಲಜನಕದ ವಿಷಯ ಹಾಗಲ್ಲ. ಅದಕ್ಕೆ ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕು ಬೇಕು. ಆಸ್ಪತ್ರೆಯಲ್ಲಿ ಬೆರಳಿಗೆ ಹಾಕುವ ಉಪಕರಣವೇ ಕಪ್ಪು ಚರ್ಮದವರಲ್ಲಿ ಆಮ್ಲಜನಕ ಇಳಿದಿರುವುದನ್ನು ಹೆಚ್ಚು ಸಲ ಗುರುತಿಸದೆ ಬಿಡುತ್ತದೆ ಅಂತ 2020ರ ಕೊನೆಯಲ್ಲಿ ಅಮೆರಿಕದ ವೈದ್ಯರು ತೋರಿಸಿದರು. ಮಣಿಕಟ್ಟಿನಲ್ಲಿ ಅಳೆಯುವುದು ಅದಕ್ಕಿಂತ ಕಷ್ಟದ ಕೆಲಸ. ಆದ್ದರಿಂದ ಆಮ್ಲಜನಕ ತೋರಿಸುತ್ತದೆ ಅನ್ನುವ ಒಂದೇ ಕಾರಣಕ್ಕೆ ಐನೂರು ರೂಪಾಯಿ ಜಾಸ್ತಿ ಕೊಡಬೇಡಿ.

ಹೆಜ್ಜೆಯ ಲೆಕ್ಕ ಕೈ ಬೀಸುವುದನ್ನು ನಂಬಿಕೊಂಡಿದೆ. ಹುಬ್ಬಳ್ಳಿಯಲ್ಲಿ ನಮ್ಮ ಅತ್ತೆಯವರು ಬ್ಯಾಂಡ್ ಕಟ್ಟಿಕೊಂಡೇ ಜೋಳದ ರೊಟ್ಟಿ ಬಡಿದರು. ಹದಿನೈದು ರೊಟ್ಟಿ ಮುಗಿಯುವ ಹೊತ್ತಿಗೆ, ನಿಂತ ಜಾಗ ಬಿಟ್ಟು ಕದಲದೆ, ಮುನ್ನೂರಕ್ಕೂ ಹೆಚ್ಚು ಹೆಜ್ಜೆ ಏರಿತ್ತು. ಅದೇ ಸಂಜೆ ಮೊಮ್ಮಗುವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬೀದಿ ಕೊನೆಯವರೆಗೆ ಹೋಗಿ ಬಂದರು. ಅದು ಲೆಕ್ಕಕ್ಕೆ ಸೇರಿದ್ದು ತೀರಾ ಕಡಿಮೆ. ನಾನು ಹೇಳಿದಾಗ ಅವರು, "ರೊಟ್ಟಿ ಬಡಿಯೋದೂ ಕೆಲಸಾನ ಅಲ್ಲೇನು? ಲೆಕ್ಕಕ್ಕ ಬಂದ್ರ ಏನಾತು?" ಅಂದರು. ಮಾತು ನಿಜ. ಮನೆಗೆಲಸ ದೇಹಕ್ಕೆ ದೊಡ್ಡ ದುಡಿಮೆ. ಅದನ್ನು ಹೆಜ್ಜೆ ಅಂತ ಎಣಿಸುವುದು ತಪ್ಪು, ಪೂರ್ತಿ ಬಿಡುವುದೂ ತಪ್ಪು. ತಳ್ಳುಗಾಡಿ ತಳ್ಳುವಾಗ, ಬಿಂದಿಗೆ ಹೊರುವಾಗ, ಕೊಡೆ ಹಿಡಿದು ನಡೆಯುವಾಗ ಹೆಜ್ಜೆ ಕಡಿಮೆ ಬೀಳುತ್ತದೆ ಅನ್ನುವುದು ನೆನಪಿರಲಿ.

ಕ್ಯಾಲರಿ ನಂಬಿ ದೋಸೆ ತಿನ್ನಬೇಡಿ

ಎಲ್ಲಕ್ಕಿಂತ ದುರ್ಬಲ ಲೆಕ್ಕ ಕ್ಯಾಲರಿಯದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಏಳು ಉಪಕರಣಗಳನ್ನು 60 ಜನರ ಕೈಗೆ ಕಟ್ಟಿ ನೋಡಿದರು. ಏಳರಲ್ಲಿ ಆರು ಎದೆಬಡಿತವನ್ನು 5% ಒಳಗಿನ ತಪ್ಪಿನಲ್ಲಿ ತೋರಿಸಿದವು. ಕ್ಯಾಲರಿಯಲ್ಲಿ ಮಾತ್ರ ಅತ್ಯುತ್ತಮ ಅನ್ನಿಸಿಕೊಂಡದ್ದೇ ಸರಾಸರಿ 27% ತಪ್ಪಿತು. ಅತಿ ಕೆಟ್ಟದ್ದು 93%. ಆಮೇಲೆ ಹೊಸ ಮಾದರಿಗಳು ಬಂದಿವೆ, ನಿಜ. ಆದರೆ ಮೂಲದ ತೊಡಕು ಹಾಗೇ ಇದೆ. ನಿಮ್ಮ ಸ್ನಾಯು ಎಷ್ಟು, ಕೊಬ್ಬು ಎಷ್ಟು ಅನ್ನುವುದು ಮಣಿಕಟ್ಟಿಗೆ ಗೊತ್ತಿಲ್ಲ. ವಯಸ್ಸು, ಎತ್ತರ, ತೂಕ ನೋಡಿ ಅಂದಾಜು ಹಾಕುತ್ತದೆ ಅಷ್ಟೆ. '400 ಕ್ಯಾಲರಿ ಕರಗಿತು' ಅಂತ ನೋಡಿ ಅದಕ್ಕೆ ಸರಿದೂಗುವ ಮಸಾಲೆ ದೋಸೆ ತಿಂದರೆ ತೂಕ ಇಳಿಯುವುದಿಲ್ಲ. ನಾನು ಮೊದಲ ವರ್ಷ ಮಾಡಿದ್ದು ಇದನ್ನೇ. ಈಗ ಆ್ಯಪ್‌ನ ಮುಖಪುಟದಿಂದ ಕ್ಯಾಲರಿಯ ಚೌಕವನ್ನೇ ತೆಗೆದಿದ್ದೇನೆ.

ಹತ್ತು ಸಾವಿರ ಹೆಜ್ಜೆಯ ಗುರಿಯನ್ನೂ ಸ್ವಲ್ಪ ತಿದ್ದಿಕೊಳ್ಳಬೇಕು. ಅದು ವೈದ್ಯರಿಂದ ಬಂದ ಸಂಖ್ಯೆ ಅಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಒಂದು ಕಂಪನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆಮಾಪಕ ಮಾರುಕಟ್ಟೆಗೆ ತಂದಿತು. ಅದರ ಹೆಸರು ಮಾನ್‌ಪೋ-ಕೇ, ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಹೆಸರೇ ಗುರಿಯಾಗಿ ಉಳಿದುಬಿಟ್ಟಿತು. 2019ರಲ್ಲಿ ಅಮೆರಿಕದಲ್ಲಿ ಸರಾಸರಿ 72 ವಯಸ್ಸಿನ 16,741 ಮಹಿಳೆಯರ ಮೇಲೆ ನಡೆದ ಅಧ್ಯಯನ ಹೊರಬಂತು. ದಿನಕ್ಕೆ 2,700 ಹೆಜ್ಜೆ ನಡೆಯುವವರಿಗಿಂತ 4,400 ನಡೆಯುವವರಲ್ಲಿ ಸಾವಿನ ಪ್ರಮಾಣ ಗಮನಿಸುವಷ್ಟು ಕಡಿಮೆ ಇತ್ತು. 7,500ರ ಸುಮಾರಿಗೆ ಆ ಲಾಭ ಅಲ್ಲಿಗೇ ನಿಂತಿತು. ಇದನ್ನು ಓದಿದ ಮೇಲೆ ಅಪ್ಪನ ಗುರಿಯನ್ನು 5,000ಕ್ಕೆ ಇಳಿಸಿದೆ. ಮೊದಲು ರಾತ್ರಿ ಎಂಟೂವರೆಗೆ ಮಂಡಿ ನೋವಿನಲ್ಲೂ ವರಾಂಡದಲ್ಲಿ ಓಡಾಡಿ ಸಂಖ್ಯೆ ತುಂಬಿಸುತ್ತಿದ್ದರು. ಅದನ್ನು ನೋಡಲು ನನಗೆ ಸಂಕಟ ಆಗುತ್ತಿತ್ತು.

ಕಟ್ಟಿಕೊಂಡರೆ ನಡಿಗೆ ಹೆಚ್ಚುತ್ತದಾ?

ಹೆಚ್ಚುತ್ತದೆ. ತೂಕದ ಮೇಲೆ ಮಾತ್ರ ದೊಡ್ಡ ಆಸೆ ಬೇಡ. 2022ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಹಿಂದಿನ ಹತ್ತಾರು ವಿಮರ್ಶೆಗಳನ್ನು ಒಟ್ಟುಗೂಡಿಸಿ ನೋಡಿದರು. ಅದರಲ್ಲಿ ಸುಮಾರು 1,64,000 ಜನರ ಮಾಹಿತಿ ಇತ್ತು. ಇಂಥ ಉಪಕರಣ ಬಳಸಿದವರು ದಿನಕ್ಕೆ ಸುಮಾರು 1,800 ಹೆಜ್ಜೆ ಜಾಸ್ತಿ ನಡೆದರು. ತೂಕ ಇಳಿದದ್ದು ಒಂದು ಕಿಲೋ ಆಸುಪಾಸು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ 2016ರ ಪರೀಕ್ಷೆ ಇನ್ನೂ ಯೋಚನೆಗೆ ಹಚ್ಚುತ್ತದೆ. ಎರಡು ವರ್ಷದ ಕೊನೆಯಲ್ಲಿ ಉಪಕರಣ ಕಟ್ಟಿಕೊಂಡ ಗುಂಪು 3.5 ಕಿಲೋ ಇಳಿದಿತ್ತು, ಕಟ್ಟಿಕೊಳ್ಳದ ಗುಂಪು 5.9 ಕಿಲೋ. ಎರಡೂ ಗುಂಪಿಗೆ ಊಟದ ಪಥ್ಯ, ಸಲಹೆ ಒಂದೇ ಥರ ಇತ್ತು.

ಎರಡನ್ನೂ ಸೇರಿಸಿ ನೋಡಿದಾಗ ನನಗೆ ಅನ್ನಿಸುವುದು ಇಷ್ಟು. ನಡಿಗೆ ಶುರು ಮಾಡಲು, ಅದನ್ನು ಬಿಡದೆ ಉಳಿಸಿಕೊಳ್ಳಲು ಬ್ಯಾಂಡ್ ಒಳ್ಳೆಯ ಜೊತೆಗಾರ. ತೂಕ ಇಳಿಸುವ ಉದ್ದೇಶ ಇದ್ದರೆ ಆ ದುಡ್ಡನ್ನು ಮೊದಲು ಒಂದು ಒಳ್ಳೆಯ ತೂಕದ ಯಂತ್ರಕ್ಕೆ ಹಾಕಿ.

ಮೊದಲು ಫೋನನ್ನೇ ಪರೀಕ್ಷಿಸಿ

ನಿಮ್ಮ ಫೋನ್ ಆಗಲೇ ಹೆಜ್ಜೆ ಎಣಿಸುತ್ತಿರಬಹುದು. ಐಫೋನ್‌ನಲ್ಲಿ ಹೆಲ್ತ್ ಆ್ಯಪ್ ಇರುತ್ತದೆ. ಆಂಡ್ರಾಯ್ಡ್‌ನಲ್ಲಿ ಇಂಥ ಆ್ಯಪ್ ಉಚಿತವಾಗಿ ಸಿಗುತ್ತದೆ. 2015ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಫೋನ್‌ಗಳನ್ನೂ ಬ್ಯಾಂಡ್‌ಗಳನ್ನೂ ಟ್ರೆಡ್‌ಮಿಲ್ ಮೇಲೆ ಹೋಲಿಸಿ ನೋಡಿದರು. ಫೋನ್‌ಗಳ ತಪ್ಪು 7% ದಾಟಲಿಲ್ಲ. ಬ್ಯಾಂಡ್‌ಗಳಲ್ಲಿ ಒಂದು 22% ಮೀರಿ ಕಡಿಮೆ ಎಣಿಸಿತ್ತು. ಜೇಬಿನ ಫೋನ್ ತೊಡೆಯ ಜೊತೆಗೇ ಚಲಿಸುತ್ತದೆ, ಕೈಯಂತೆ ಬೇರೆ ಕೆಲಸ ಮಾಡುವುದಿಲ್ಲ ಅಲ್ವಾ.

ತೊಂದರೆ ಇರುವುದು ಜೇಬಿನಲ್ಲಿ. ಸೀರೆಗೆ ಜೇಬಿಲ್ಲ, ಎಷ್ಟೋ ಚೂಡಿದಾರಕ್ಕೂ ಇಲ್ಲ. ಮನೆಯೊಳಗೆ ಫೋನ್ ಮೇಜಿನ ಮೇಲಿರುತ್ತದೆ. ಪಂಚೆ ಉಟ್ಟ ಅಪ್ಪ ಫೋನನ್ನು ಎಲ್ಲಿಡಬೇಕು? ಇಂಥವರಿಗೆ ಬ್ಯಾಂಡೇ ಸರಿ. ಉಳಿದವರಿಗೆ ನಾನು ಯಾವಾಗಲೂ ಹೇಳುವುದು ಒಂದೇ: ಎರಡು ವಾರ ಫೋನಿನ ಲೆಕ್ಕ ನೋಡಿ. ಹದಿನಾಲ್ಕನೇ ದಿನವೂ ಆ ಸಂಖ್ಯೆ ನೋಡುವ ಆಸೆ ಉಳಿದಿದ್ದರೆ ಬ್ಯಾಂಡ್ ಕೊಳ್ಳಿ.

ಬ್ಯಾಂಡ್

ಹೆಚ್ಚಿನವರಿಗೆ ನನ್ನ ಆಯ್ಕೆ ಇದು. ಸುಮಾರು 1,500ರಿಂದ 4,000 ರೂಪಾಯಿ. ಹಗುರ, ಕೈಯಲ್ಲಿರುವುದೇ ಮರೆತುಹೋಗುತ್ತದೆ. ಒಮ್ಮೆ ಚಾರ್ಜ್ ಮಾಡಿದರೆ ಒಂದರಿಂದ ಎರಡು ವಾರ ಬರುತ್ತದೆ. ಬ್ಯಾಟರಿ ಚಿಕ್ಕ ವಿಷಯ ಅನ್ನಿಸಬಹುದು, ಆದರೆ ಇಂಥ ಉಪಕರಣ ಡ್ರಾಯರ್ ಸೇರುವುದು ಹೆಚ್ಚಾಗಿ ಚಾರ್ಜಿಂಗ್‌ನಿಂದಲೇ. ದಿನಾ ಬಿಚ್ಚಿ ಚಾರ್ಜಿಗೆ ಇಡಬೇಕಾದದ್ದನ್ನು ಒಂದು ದಿನ ಮತ್ತೆ ಕಟ್ಟಿಕೊಳ್ಳಲು ಮರೆಯುತ್ತೇವೆ. ಮರುದಿನವೂ ಮರೆಯುತ್ತೇವೆ.

ಕೊರತೆಗಳೂ ಇವೆ. ಕಡಿಮೆ ಬೆಲೆಯ ಹೆಚ್ಚಿನ ಬ್ಯಾಂಡ್‌ಗಳಲ್ಲಿ ಸ್ವಂತ ಜಿಪಿಎಸ್ ಇರುವುದಿಲ್ಲ. ನಡೆದ ದೂರ ಬೇಕಿದ್ದರೆ ಫೋನ್ ಜೊತೆಗಿರಬೇಕು, ಇಲ್ಲದಿದ್ದರೆ ಹೆಜ್ಜೆಯಿಂದ ಅಂದಾಜು ಹಾಕುತ್ತದೆ. ಎತ್ತರ ಅಳೆಯಲು ಗಾಳಿಯ ಒತ್ತಡದ ಸೆನ್ಸರ್ ಬೇಕು, ಅದೂ ಇವುಗಳಲ್ಲಿ ಅಪರೂಪ. ಚಾಮುಂಡಿ ಬೆಟ್ಟಕ್ಕೆ ಸಾವಿರಕ್ಕೂ ಮೇಲೆ ಮೆಟ್ಟಿಲು. ನನ್ನ ಬ್ಯಾಂಡ್‌ಗೆ ಅದು ಸಾವಿರ ಚಿಲ್ಲರೆ ಹೆಜ್ಜೆ ಅಷ್ಟೆ, ಕುಕ್ಕರಹಳ್ಳಿ ಕೆರೆ ಏರಿಯ ಮೇಲಿನ ಹೆಜ್ಜೆಗೂ ಅದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಭಾವನ ವಾಚ್ ಸುಮಾರು ಮೂರು ಮೀಟರ್ ಏರಿಗೆ ಒಂದು ಮಹಡಿ ಅಂತ ಎಣಿಸುತ್ತದೆ. ಬೆಟ್ಟ ಹತ್ತುವ, ಚಾರಣ ಹೋಗುವ ಅಭ್ಯಾಸ ಇದ್ದರೆ ಆ ಸೆನ್ಸರ್ ಇದೆಯಾ ಅಂತ ಕೇಳಿ ತಿಳಿದುಕೊಳ್ಳಿ.

ಅಗ್ಗದ ಸ್ಮಾರ್ಟ್‌ವಾಚ್: ಇಲ್ಲಿ ಹುಷಾರು

ಬ್ಯಾಂಡ್‌ನ ಬೆಲೆಗೇ ದೊಡ್ಡ ಪರದೆಯ, ಫೋನ್ ಕರೆ ಮಾಡಬಹುದಾದ ವಾಚ್ ಸಿಗುತ್ತದೆ. ಅಂಗಡಿಯವರೂ ಅದನ್ನೇ ಮುಂದೆ ಇಡುತ್ತಾರೆ. ನೋಡಲು ಚೆಂದ, ಸಮಯ ದೊಡ್ಡದಾಗಿ ಕಾಣುತ್ತದೆ, ಅಡುಗೆಮನೆಯಲ್ಲಿ ಕೈ ಒದ್ದೆ ಇದ್ದಾಗ ಕರೆ ಎತ್ತಬಹುದು. ಇದಕ್ಕಾಗಿಯೇ ಬೇಕಿದ್ದರೆ ಧಾರಾಳವಾಗಿ ಕೊಳ್ಳಿ. ಆದರೆ ಅಷ್ಟೇ ದುಡ್ಡಿನಲ್ಲಿ ಪರದೆ, ಸ್ಪೀಕರ್, ಮೈಕ್ ಎಲ್ಲ ತುಂಬಿಸಬೇಕಾದಾಗ ಸೆನ್ಸರ್‌ಗೆ ಉಳಿಯುವುದು ಎಷ್ಟು? ಫಿಟ್‌ನೆಸ್‌ಗೆ ಅಂತಾದರೆ ಅದೇ ಬೆಲೆಯ ಬ್ಯಾಂಡ್ ಮೇಲು ಅನ್ನುವುದು ನನ್ನ ಅನುಭವ.

ನನಗೆ ನಿಜವಾಗಿ ಭಯ ಹುಟ್ಟಿಸುವುದು ಬಿಪಿ ಮತ್ತು ಶುಗರ್ ತೋರಿಸುತ್ತೇವೆ ಅನ್ನುವ ವಾಚ್‌ಗಳು. ಚರ್ಮ ಚುಚ್ಚದೆ ತಾನೇ ಸಕ್ಕರೆ ಪ್ರಮಾಣ ಅಳೆಯುವ ಯಾವ ವಾಚ್‌ಗೂ ಉಂಗುರಕ್ಕೂ ತಾನು ಅನುಮತಿ ಕೊಟ್ಟಿಲ್ಲ, ಅಂಥವನ್ನು ಬಳಸಬೇಡಿ ಅಂತ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2024ರ ಫೆಬ್ರವರಿಯಲ್ಲಿ ಬಹಿರಂಗವಾಗಿ ಎಚ್ಚರಿಸಿತು. ತೋಳಿಗೆ ಅಂಟಿಸುವ ಗ್ಲೂಕೋಸ್ ಸೆನ್ಸರ್ ಬೇರೆ. ಅದರಲ್ಲಿ ಸಣ್ಣ ತಂತಿ ಚರ್ಮದೊಳಗೆ ಇರುತ್ತದೆ, ವಾಚ್ ಬರೀ ಅದರ ಓದನ್ನು ತೋರಿಸುವ ಪರದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನೆರವಿನ ಅಧ್ಯಯನ 2023ರಲ್ಲಿ ಹೇಳಿದಂತೆ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಅವರಲ್ಲಿ ಒಬ್ಬರು ಹಸಿರು ದೀಪದ ಲೆಕ್ಕ ನಂಬಿ ಇನ್ಸುಲಿನ್ ಜಾಸ್ತಿ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ.

ಬಿಪಿಯೂ ಹಾಗೆಯೇ. ಸ್ಯಾಮ್‌ಸಂಗ್‌ನಂಥ ದೊಡ್ಡ ಕಂಪನಿಯ ವಾಚ್‌ನಲ್ಲೂ ಬಿಪಿ ಸೌಲಭ್ಯಕ್ಕೆ 28 ದಿನಕ್ಕೊಮ್ಮೆ ತೋಳಿಗೆ ಕಟ್ಟುವ ಯಂತ್ರದ ಜೊತೆ ತಾಳೆ ಹಾಕಬೇಕು. ಯಾವ ತಾಳೆಯೂ ಇಲ್ಲದೆ ಎರಡು ಸಾವಿರದ ವಾಚ್ 120/80 ಅಂತ ತೋರಿಸಿದರೆ ಅದನ್ನು ಹೇಗೆ ನಂಬುವುದು? ನಮ್ಮ ಪರಿಚಯದ ಹಿರಿಯರೊಬ್ಬರು ಇಂಥ ವಾಚ್ ನೋಡಿಕೊಂಡು ಬಿಪಿ ಮಾತ್ರೆ ಬಿಟ್ಟಿದ್ದರು. ತೋಳಿನ ಯಂತ್ರದಲ್ಲಿ ನೋಡಿದಾಗ ಮೇಲಿನ ಸಂಖ್ಯೆ 170 ದಾಟಿತ್ತು. ಅವರ ವಾಚ್ ಮಾತ್ರ ಆಗಲೂ 122 ಅನ್ನುತ್ತಿತ್ತು. ಬಿಪಿ ಇರುವವರ ಮನೆಗೆ ತೋಳಿಗೆ ಕಟ್ಟುವ ಡಿಜಿಟಲ್ ಯಂತ್ರವೇ ಬೇಕು, ಬೆಲೆಯೂ ಹೆಚ್ಚುಕಡಿಮೆ ಇಷ್ಟೇ.

ದುಬಾರಿ ಸ್ಮಾರ್ಟ್‌ವಾಚ್

ಇಪ್ಪತ್ತೈದು ಸಾವಿರದಿಂದ ಮೇಲಕ್ಕೆ ಹೋದರೆ ಒಂದಷ್ಟು ನಿಜವಾದ ಲಾಭ ಇದೆ. ಕೆಲವು ಮಾದರಿಗಳಲ್ಲಿ ಇನ್ನೊಂದು ಕೈಯ ಬೆರಳಿಟ್ಟು ಇಸಿಜಿ ತೆಗೆಯಬಹುದು. ಬಡಿತದ ಲಯ ತಪ್ಪಿದರೆ ತಾನಾಗಿಯೇ ಎಚ್ಚರಿಸುತ್ತವೆ. ಆ್ಯಪಲ್ ವಾಚ್ ಕಟ್ಟಿದ 4,19,297 ಜನರ ಮೇಲೆ ಸ್ಟ್ಯಾನ್‌ಫರ್ಡ್‌ನವರು ನಡೆಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಎಚ್ಚರಿಕೆ ಬಂದದ್ದು 0.52% ಜನರಿಗೆ. ಅವರಲ್ಲಿ ಎದೆಗೆ ಇಸಿಜಿ ಪ್ಯಾಚ್ ಅಂಟಿಸಿಕೊಂಡು ಪರೀಕ್ಷಿಸಿಕೊಂಡವರ ಪೈಕಿ 34% ಜನರಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಕಂಡಿತು. ಇದು ಬಡಿತದ ಲಯ ತಪ್ಪುವ, ಪಾರ್ಶ್ವವಾಯುವಿಗೆ ದಾರಿ ಮಾಡಬಹುದಾದ ತೊಂದರೆ, ಬಂದು ಹೋಗಿ ಮಾಡುತ್ತದೆ. ಹಾಗಾಗಿ ಎಚ್ಚರಿಕೆ ಬಂದರೆ ವೈದ್ಯರಿಗೆ ತೋರಿಸಿ, ಬಾರದಿದ್ದರೆ ಎಲ್ಲ ಸರಿ ಇದೆ ಅಂದುಕೊಳ್ಳಬೇಡಿ. ಮುಖ್ಯವಾದ ಮಾತು: ಈ ವಾಚ್‌ಗಳು ಹೃದಯಾಘಾತವನ್ನು ಪತ್ತೆ ಮಾಡುವುದಿಲ್ಲ. ಎದೆ ನೋಯುತ್ತಿದ್ದರೆ ವಾಚ್ ನೋಡುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ.

ಒಂಟಿಯಾಗಿರುವ ವಯಸ್ಸಾದವರಿಗೆ ಬಿದ್ದದ್ದನ್ನು ಗುರುತಿಸುವ ಸೌಲಭ್ಯ ತುಂಬಾ ಬೆಲೆಯುಳ್ಳದ್ದು. ಆ್ಯಪಲ್ ವಾಚ್‌ನಲ್ಲಿ ವಯಸ್ಸು 55 ದಾಟಿದೆ ಅಂತ ನಮೂದಿಸಿದರೆ ತಾನೇ ಚಾಲೂ ಆಗುತ್ತದೆ. ಆದರೆ ಕರೆ ಹೋಗಬೇಕಾದರೆ ಫೋನ್ ಹತ್ತಿರದಲ್ಲಿರಬೇಕು, ಇಲ್ಲವೇ ವಾಚ್‌ಗೇ ಸಿಮ್ ಸಂಪರ್ಕ ಇರಬೇಕು. ಹಿರಿಯರು ಎಷ್ಟೋ ಸಲ ಜಾರಿ ಬೀಳುವುದು ಬಚ್ಚಲಲ್ಲಿ. ಸ್ನಾನಕ್ಕೆ ಹೋಗುವಾಗ ವಾಚ್ ಬಿಚ್ಚಿಡುವವರಿಗೆ ಇದು ಉಪಯೋಗಕ್ಕೆ ಬರುವುದಿಲ್ಲ. ಇನ್ನು ಆ್ಯಪಲ್ ವಾಚ್‌ಗೆ ಐಫೋನೇ ಬೇಕು. ಸಾಮಾನ್ಯ ಮಾದರಿಗಳಿಗೆ ಕಂಪನಿ ಹೇಳುವ ಬ್ಯಾಟರಿ 18ರಿಂದ 24 ಗಂಟೆ. ದಿನಾ ಚಾರ್ಜಿಗಿಡುವುದು ಎಪ್ಪತ್ತೈದರ ಅಪ್ಪನಿಂದ ಆಗುತ್ತದಾ? ನಮ್ಮ ಅಪ್ಪನಿಂದ ಆಗಲಿಲ್ಲ.

ಓಡುವವರಿಗೆ

ಬೆಂಗಳೂರಿನ ವರ್ಲ್ಡ್ 10ಕೆ ಥರದ ಓಟಕ್ಕೆ ತಯಾರಿ ನಡೆಸುವವರಿಗೆ ಸ್ವಂತ ಜಿಪಿಎಸ್ ಇರುವ ಓಟದ ವಾಚ್ ಸರಿ. ಫೋನ್ ಮನೆಯಲ್ಲಿ ಬಿಟ್ಟು ಓಡಬಹುದು. ಕಿಲೋಮೀಟರಿಗೆ ಎಷ್ಟು ನಿಮಿಷ ಆಯಿತು ಅಂತ ಓಡುತ್ತಲೇ ನೋಡಬಹುದು. ಬೆವರು ಕೈಯಲ್ಲೂ ಒತ್ತಬಹುದಾದ ಗುಂಡಿಗಳಿರುತ್ತವೆ. ಬೆಲೆ ಸುಮಾರು 15,000ದಿಂದ ಶುರು.

ಓಟದಲ್ಲಿ ಎದೆಬಡಿತವೇ ಮುಖ್ಯ ಅನ್ನುವವರು ಎದೆಗೆ ಕಟ್ಟುವ ಪಟ್ಟಿ ನೋಡಿ. ಅದು ಬೆಳಕಲ್ಲ, ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಜೋರಾಗಿ ಓಡಿ, ನಿಂತು, ಮತ್ತೆ ಓಡುವ ಅಭ್ಯಾಸದಲ್ಲಿ ಮಣಿಕಟ್ಟು ಹಿಂದೆ ಬೀಳುತ್ತದೆ, ಎದೆಪಟ್ಟಿ ತಕ್ಷಣ ತೋರಿಸುತ್ತದೆ. ಭಾವ ವಾಚ್ ಜೊತೆ ಇದನ್ನೂ ಬಳಸುತ್ತಾರೆ. ದಿನವಿಡೀ ಕಟ್ಟಿಕೊಳ್ಳುವಂಥದ್ದು ಮಾತ್ರ ಅಲ್ಲ.

ಒಂದು ಎಚ್ಚರಿಕೆ. ವಾಚ್‌ಗಳು ತೋರಿಸುವ ಎದೆಬಡಿತದ 'ವಲಯ'ಗಳು ಹೆಚ್ಚಾಗಿ 220ರಿಂದ ವಯಸ್ಸು ಕಳೆಯುವಂಥ ಸೂತ್ರದ ಮೇಲೆ ನಿಂತಿವೆ. ಅದು ಸರಾಸರಿ. ಒಬ್ಬೊಬ್ಬರಲ್ಲಿ ಹತ್ತು ಹದಿನೈದು ಬಡಿತ ಆಚೀಚೆ ಆಗುವುದು ಸಾಮಾನ್ಯ. ಬಿಪಿಗೆ, ಹೃದಯಕ್ಕೆ ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಮಾತ್ರೆ ತೆಗೆದುಕೊಳ್ಳುವವರಿಗಂತೂ ಆ ಲೆಕ್ಕ ಹೊಂದುವುದೇ ಇಲ್ಲ, ಯಾಕೆಂದರೆ ಆ ಮಾತ್ರೆಗಳು ಬಡಿತವನ್ನೇ ತಗ್ಗಿಸುತ್ತವೆ. ಅಪ್ಪನಿಗೆ ನಾನು ಹೇಳಿಕೊಟ್ಟದ್ದು ಹಳೆಯ ಉಪಾಯ. ನಡೆಯುವಾಗ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ವೇಗ ಸಾಕು.

ಉಂಗುರ

ಇತ್ತೀಚೆಗೆ ಸ್ಮಾರ್ಟ್ ಉಂಗುರ ಬಂದಿವೆ. ಅಲ್ಟ್ರಾಹ್ಯೂಮನ್ ಅನ್ನುವ ಕಂಪನಿ ನಮ್ಮ ಬೆಂಗಳೂರಿನದೇ. ರಾತ್ರಿ ವಾಚ್ ಕಟ್ಟಿಕೊಂಡು ಮಲಗಲು ಆಗದವರಿಗೆ ಹಿತ. ಆದರೆ ಪರದೆ ಇಲ್ಲ, ಬೆರಳಿನ ಅಳತೆ ಸರಿ ಇರಬೇಕು, ಪಾತ್ರೆ ಉಜ್ಜುವಾಗ, ಜಿಮ್‌ನಲ್ಲಿ ಭಾರ ಎತ್ತುವಾಗ ಗೀರು ಬೀಳುತ್ತದೆ. ಬೆಲೆಯೂ ಜಾಸ್ತಿ. ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದಿಲ್ಲ.

ನಿದ್ದೆಯ ಅಂಕ

ಇದನ್ನು ಬೇರೆಯಾಗಿ ಹೇಳುತ್ತಿದ್ದೇನೆ, ಯಾಕೆಂದರೆ ತುಂಬಾ ಜನ ನಿದ್ದೆಗಾಗಿಯೇ ಬ್ಯಾಂಡ್ ಕೊಳ್ಳುತ್ತಾರೆ. ಎಷ್ಟು ಹೊತ್ತಿಗೆ ಮಲಗಿದಿರಿ, ಎಷ್ಟು ಹೊತ್ತಿಗೆ ಎದ್ದಿರಿ ಅನ್ನುವುದನ್ನು ಬ್ಯಾಂಡ್ ಪರವಾಗಿಲ್ಲ ಅನ್ನುವಷ್ಟು ಹೇಳುತ್ತದೆ. ಎಚ್ಚರವಿದ್ದೂ ಅಲ್ಲಾಡದೆ ಮಲಗಿದ್ದರೆ ಅದನ್ನೂ ನಿದ್ದೆ ಅಂತ ಸೇರಿಸಿಬಿಡುತ್ತದೆ. ಗಾಢ ನಿದ್ದೆ, ಕನಸಿನ ನಿದ್ದೆ ಅಂತ ನಿಮಿಷದ ಲೆಕ್ಕ ಕೊಡುತ್ತದಲ್ಲ, ಅದು ಅಂದಾಜು. ನಿದ್ದೆಯ ಹಂತಗಳನ್ನು ಸರಿಯಾಗಿ ತಿಳಿಯಲು ತಲೆಗೆ ತಂತಿ ಅಂಟಿಸಿ ಮೆದುಳಿನ ಅಲೆ ನೋಡಬೇಕು. ಮಣಿಕಟ್ಟಿನಲ್ಲಿ ಅದು ಸಿಗುವುದಿಲ್ಲ.

ಅಂಕ ಒಳ್ಳೆಯದಿರಬೇಕು ಅಂತ ಚಿಂತಿಸಿಯೇ ನಿದ್ದೆ ಕೆಡಿಸಿಕೊಳ್ಳುವವರನ್ನು ಕಂಡು ಅಮೆರಿಕದ ಸಂಶೋಧಕರು 2017ರಲ್ಲಿ ಅದಕ್ಕೊಂದು ಹೆಸರೇ ಕೊಟ್ಟರು, ಆರ್ಥೋಸೋಮ್ನಿಯಾ ಅಂತ. ನನ್ನ ಮಗಳಿಗೂ ಪರೀಕ್ಷೆಯ ಸಮಯದಲ್ಲಿ ಇದೇ ಆಯಿತು. ಚೆನ್ನಾಗಿ ಮಲಗಿ ಎದ್ದಿದ್ದಳು, ಅಂಕ 58 ನೋಡಿ ಮುಖ ಬಾಡಿತು. "ಅಪ್ಪ, ನಂಗೆ ಇವತ್ತು ಓದಕ್ಕೆ ಆಗಲ್ಲ" ಅಂದಳು. ಆವತ್ತಿನಿಂದ ರಾತ್ರಿ ಹೊತ್ತು ಬಿಚ್ಚಿಡು ಅಂತ ಹೇಳಿದೆ. ನಿಮಗೆ ಜೋರು ಗೊರಕೆ, ಹಗಲಲ್ಲಿ ತೂಕಡಿಕೆ ಇದ್ದರೆ ಬ್ಯಾಂಡ್ ಬದಲಿಸಬೇಡಿ, ವೈದ್ಯರನ್ನು ನೋಡಿ.

ಚರ್ಮ, ನೀರು, ಮಾಹಿತಿ

ಎರಡನೇ ಬೇಸಿಗೆಯಲ್ಲಿ ನನ್ನ ಮಣಿಕಟ್ಟಿನ ಮೇಲೆ ಕೆಂಪು ಗುಳ್ಳೆ ಎದ್ದಿತು. ಪಟ್ಟಿಯ ಕೆಳಗೆ ಬೆವರು, ಸೋಪು ನಿಂತದ್ದೇ ಕಾರಣ ಅಂತ ಚರ್ಮದ ವೈದ್ಯರು ಹೇಳಿದರು. ಈಗ ಸ್ನಾನಕ್ಕೆ ಬಿಚ್ಚುತ್ತೇನೆ, ಒರೆಸಿ ಒಣಗಿಸಿ ಕಟ್ಟುತ್ತೇನೆ, ವಾರಕ್ಕೊಮ್ಮೆ ಕೈ ಬದಲಿಸುತ್ತೇನೆ. ಮತ್ತೆ ಬರಲಿಲ್ಲ. ಕೆಲವರಿಗೆ ಪಟ್ಟಿಯ ಅಂಟು ಅಥವಾ ನಿಕಲ್ ಒಗ್ಗುವುದಿಲ್ಲ. ಫಿಟ್‌ಬಿಟ್ ಕಂಪನಿ ತನ್ನ ಫೋರ್ಸ್ ಮಾದರಿಯನ್ನು 2014ರಲ್ಲಿ ಚರ್ಮದ ತೊಂದರೆಯಿಂದಲೇ ಹಿಂದಕ್ಕೆ ಪಡೆದಿತ್ತು. ಎರಡು ದಿನ ಬಿಚ್ಚಿಟ್ಟರೂ ಕಡಿತ ಹೋಗದಿದ್ದರೆ ಬಟ್ಟೆಯ ಪಟ್ಟಿಗೆ ಬದಲಾಯಿಸಿ.

'5 ಎಟಿಎಂ' ಅಂತ ಬರೆದಿದ್ದರೆ 50 ಮೀಟರ್ ಆಳದ ನಿಂತ ನೀರಿನ ಒತ್ತಡ ತಾಳುತ್ತದೆ ಅಂತ. ಈಜಬಹುದು. ಬಿಸಿನೀರು, ಸೋಪು, ಸೀಗೇಕಾಯಿ ಬೇರೆ ವಿಷಯ. ರಬ್ಬರ್ ಸೀಲ್ ಬೇಗ ಸವೆಯುತ್ತದೆ, ಸೆನ್ಸರ್ ಮೇಲೆ ಎಣ್ಣೆ ಕೂರುತ್ತದೆ. ದೀಪಾವಳಿಯ ಎಣ್ಣೆಸ್ನಾನಕ್ಕೆ ಬಿಚ್ಚಿಡಿ.

ನೀವು ಎಲ್ಲಿ ಮಲಗುತ್ತೀರಿ, ಎಷ್ಟು ಹೊತ್ತಿಗೆ ಮನೆ ಬಿಡುತ್ತೀರಿ, ಯಾವ ದಾರಿಯಲ್ಲಿ ಓಡುತ್ತೀರಿ ಎಲ್ಲವೂ ಕಂಪನಿಯ ಕಂಪ್ಯೂಟರಿಗೆ ಹೋಗುತ್ತದೆ. ಓಟ, ಸೈಕಲ್ ಸವಾರಿ ದಾಖಲಿಸುವ ಸ್ಟ್ರಾವಾ ಆ್ಯಪ್ ತನ್ನ ಬಳಕೆದಾರರ ದಾರಿಗಳನ್ನು ಸೇರಿಸಿ ಪ್ರಕಟಿಸಿದ ನಕ್ಷೆಯಿಂದ ಬೇರೆ ಬೇರೆ ದೇಶಗಳ ಸೇನಾ ನೆಲೆಗಳು ಬಯಲಾದದ್ದು 2018ರ ಜನವರಿಯಲ್ಲಿ. ಸೈನಿಕರ ಗುಟ್ಟೇ ನಿಲ್ಲಲಿಲ್ಲ ಅಂದಮೇಲೆ ಬೆಳಿಗ್ಗೆ ಐದಕ್ಕೆ ಒಬ್ಬಳೇ ಓಡುವ ಹುಡುಗಿಯ ದಾರಿ ಎಲ್ಲರಿಗೂ ಕಾಣುವುದು ಎಷ್ಟು ಅಪಾಯ ಯೋಚಿಸಿ. ಆ್ಯಪ್ ಹಾಕಿದ ಮೊದಲ ದಿನವೇ ಖಾತೆಯನ್ನು ಖಾಸಗಿ ಮಾಡಿ, ಮನೆಯ ಸುತ್ತಲಿನ ಜಾಗವನ್ನು ನಕ್ಷೆಯಿಂದ ಮರೆಮಾಡಿ. ಕಂಪನಿಯೇ ಇನ್ನೊಬ್ಬರ ಕೈಗೆ ಹೋಗಬಹುದು. ಫಿಟ್‌ಬಿಟ್ 2021ರ ಜನವರಿಯಲ್ಲಿ ಗೂಗಲ್ ಪಾಲಾಯಿತು. ನಮ್ಮಲ್ಲಿ ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣೆಗೆ 2023ರಲ್ಲಿ ಕಾಯ್ದೆ ಆಗಿದೆ, ಆದರೂ ಕೇಳಿದ ಅನುಮತಿಗೆಲ್ಲ 'ಸರಿ' ಒತ್ತುವ ಅಭ್ಯಾಸವನ್ನು ನಾವೇ ಬಿಡಬೇಕು. ಹೆಜ್ಜೆ ಎಣಿಸುವ ಆ್ಯಪ್‌ಗೆ ನಿಮ್ಮ ಕಾಂಟ್ಯಾಕ್ಟ್ ಪಟ್ಟಿ ಯಾಕೆ?

ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ

ಕೊಂಡ ಮೊದಲ ವಾರದಲ್ಲಿ ಇಷ್ಟು ನೋಡಿ. ಬಾಯಲ್ಲಿ ಎಣಿಸುತ್ತಾ ಇನ್ನೂರು ಹೆಜ್ಜೆ ನಡೆಯಿರಿ, ಹತ್ತು ಹೆಜ್ಜೆ ಆಚೀಚೆ ಆದರೆ ಪರವಾಗಿಲ್ಲ. ಬಸ್ಸಿನಲ್ಲೋ ಬೈಕಿನಲ್ಲೋ ಅರ್ಧ ಗಂಟೆ ಹೋಗಿ ಬಂದು ಎಷ್ಟು ಸುಳ್ಳು ಹೆಜ್ಜೆ ಸೇರಿತು ನೋಡಿ. ಕೂತಾಗ ಒಮ್ಮೆ, ಮಹಡಿ ಹತ್ತಿದ ತಕ್ಷಣ ಒಮ್ಮೆ ನಾಡಿ ಹಿಡಿದು ಬ್ಯಾಂಡ್ ಜೊತೆ ಹೋಲಿಸಿ. ಮಧ್ಯಾಹ್ನದ ಬಿಸಿಲಿನಲ್ಲಿ ಪರದೆ ಕಾಣುತ್ತದಾ ಅಂತ ನೋಡಿ. ನನ್ನ ಮೊದಲ ಬ್ಯಾಂಡ್ ಮನೆಯೊಳಗೆ ಫಳಫಳ ಹೊಳೆಯುತ್ತಿತ್ತು, ಅರಮನೆ ಮುಂದೆ ಹನ್ನೆರಡು ಗಂಟೆಗೆ ಕಪ್ಪು ಚೌಕವಾಗಿತ್ತು.

ಯಾರಿಗಾದರೂ ಹೇಳಿ ಕನ್ನಡದಲ್ಲಿ ಒಂದು ಮೆಸೇಜ್ ಹಾಕಿಸಿ. ಕೆಲವು ಬ್ಯಾಂಡ್‌ಗಳಲ್ಲಿ ಕನ್ನಡ ಅಕ್ಷರ ಬರೀ ಡಬ್ಬಿಗಳಾಗಿ ಬರುತ್ತದೆ, ಇಲ್ಲವೇ ಒತ್ತಕ್ಷರ ಚದುರಿಹೋಗಿರುತ್ತದೆ. ಇಂಗ್ಲಿಷ್ ಓದಲು ಬಾರದ ಅಮ್ಮನಿಗೋ ಅಜ್ಜಿಗೋ ಕೊಡುವುದಾದರೆ ಇದನ್ನೇ ಮೊದಲು ನೋಡಬೇಕು. ಕಡೆಗೆ ಚಾರ್ಜರ್. ಒಂದೊಂದು ಮಾದರಿಗೂ ಒಂದೊಂದು ಥರದ್ದು. ಕಳೆದರೆ ಪಕ್ಕದ ಅಂಗಡಿಯಲ್ಲಿ ಸಿಗುವುದಿಲ್ಲ. ಕೊಳ್ಳುವಾಗಲೇ ಇನ್ನೊಂದು ಸಿಗುತ್ತದಾ, ಪಟ್ಟಿ ಬೇರೆಯಾಗಿ ಸಿಗುತ್ತದಾ ಅಂತ ಕೇಳಿ.

ಅಪ್ಪನಿಗೆ ನಾನು ಕೊನೆಗೆ ಕೊಡಿಸಿದ್ದು ಎರಡು ಸಾವಿರದ ಒಂದು ಬ್ಯಾಂಡ್ ಮತ್ತು ತೋಳಿಗೆ ಕಟ್ಟುವ ಬಿಪಿ ಯಂತ್ರ. ಭಾನುವಾರ ಫೋನ್ ಮಾಡಿದಾಗ ಅವರು ಮೊದಲು ಬಿಪಿ ಹೇಳುತ್ತಾರೆ. ಆಮೇಲೆ, "ಈ ವಾರ ಹೋದ ವಾರಕ್ಕಿಂತ ಎರಡು ಸಾವಿರ ಜಾಸ್ತಿ ಕಣಪ್ಪ" ಅನ್ನುತ್ತಾರೆ.